ಹಿಂದ ಒಂದು, ಮುಂದ ಒಂದು

ಬೆಟಗೇರಿ ಮಗ್ಗದ ಓಣ್ಯಾಗ
ಮೋಟರ್ ಸುತ್ತೋ ಅಂಗಡಿ. ಬಾಗಲಿಗೇ ವಾರ್ನಿಸ್ ವಾಸನಿ.
ಹಲಗಿ ಮ್ಯಾಲೆ ದಾವಲಸಾಬ ನದಾಫ ಅಂತ ಹೆಸರು,
ಅದರ ಕೆಳಗ ಮೊನ್ನಿಂದ ನಂದೂ ಐತಿ, ಸಣ್ಣ ಅಕ್ಷರದಾಗ.

ಐಟಿಐ ಮುಗಿಸಿ ಬಂದ ದಿನ ಕೇಳಿದ್ದ:
'ತಂಗಿ, ಕರೆಂಟು ಅಂದ್ರ ಏನು?'
ಸೂತ್ರ ಹೇಳಿದೆ. ನಕ್ಕ.
ರಿಪೇರಿಗೆ ಬಂದ ಫ್ಯಾನಿನ ಕಂಡೆನ್ಸರ್ ಕಿತ್ತು
ಸ್ವಿಚ್ ಹಾಕಿದ. ಗುಂಯ್ ಅಂತು, ತಿರುಗಲಿಲ್ಲ.
ಕೋಲಿಲೆ ಬಲಕ್ಕ ದಬ್ಬಿದ, ಬಲಕ್ಕ ಹೊಂಟಿತು.
ನಿಲ್ಲಿಸಿ ಎಡಕ್ಕ ದಬ್ಬಿದ, ಎಡಕ್ಕ.
'ಪಾಪ, ಶಕ್ತಿ ಐತಿ, ದಿಕ್ಕಿಲ್ಲ.
ಒಂದು ಸುರುಳಿ ಹಿಂದಾಗಬೇಕು, ಒಂದು ಮುಂದಾಗಬೇಕು,
ಎರಡೂ ಕೂಡೇ ನಡದ್ರ ಯಾವುದೂ ತಿರುಗೂದಿಲ್ಲ.'

ಸೆಕೆಂಡಿಗೆ ಐವತ್ತು ಸಲ ಹೋಗಿ ಬರೋ ಒತ್ತಡ.
ಹೀಟರಿನ ತಂತಿ ಅದರ ಜೋಡಿನ ಹೆಜ್ಜಿ ಹಾಕತೈತಿ,
ಅದು ಏರಿದಾಗ ಏರಿ, ಇಳದಾಗ ಇಳದು,
ತಗೊಂಡದ್ದನ್ನೆಲ್ಲ ಬಿಸಿ ಮಾಡಿ ಚೆಲ್ಲತೈತಿ. ವಾಪಸ್ ಮಾತಿಲ್ಲ.
ತಾಮ್ರದ ಸುರುಳಿ ಗುಣ ಬ್ಯಾರೆ.
ಒತ್ತಡ ನೆತ್ತಿಗೇರಿದಾಗ ಅದರೊಳಗ ಹನಿ ಕರೆಂಟಿಲ್ಲ,
ಒತ್ತಡ ಪೂರಾ ಇಳದ ಮ್ಯಾಲೆ ತುಂಬಿ ನಿಂತಿರತೈತಿ.
ಕಂಡೆನ್ಸರ್ ಇದಕ್ಕ ಉಲ್ಟಾ. ಖಾಲಿ ಇದ್ದಾಗ ಗಟಗಟ ಕುಡದು
ಒತ್ತಡ ನೆತ್ತಿ ಮುಟ್ಟೂದ್ರಾಗ
ಬಾಯಿ ಒರಸಿಕೊಂಡು ಸುಮ್ಮನ ಕುಂತಿರತೈತಿ.
'ಹುಡುಗೂರು ಮದುವಿ ಊಟಕ್ಕ ಕುಂತಾಂಗ' ಅಂತಿದ್ದ,
ಗಿರಮಿಟ್ ಪೊಟ್ಟಣ ಬಿಚ್ಚಿ, ಮೆಣಸಿನಕಾಯಿ ನನ್ನ ಕಡೆ ಸರಿಸಿ.

ಅವನ ಪುಪ್ಪಸ ಕೆಟ್ಟದ್ದು ವಾರ್ನಿಸ್ ಹೊಗಿಯಿಂದನೋ ಬೀಡಿಯಿಂದನೋ,
ಹುಬ್ಬಳ್ಳಿ ದವಾಖಾನ್ಯಾಗೂ ಹೇಳಲಿಲ್ಲ.
ಏಳು ತಿಂಗಳು ಚಾಂದಬೀ ದಿನಾ ಅತ್ತಳು.
ರೊಟ್ಟಿ ಬಡಿಯೂ ಮುಂದ, ಅವ ಉಂಡು ಮಲಗಿದಾಗ,
ಅವ ನಗೂ ಮುಂದನೂ.
ಹೋದ ದಿನ ತಮ್ಮ ರಾಜೇಸಾಬ ಎದಿ ಬಡಕೊಂಡು ಅತ್ತ,
ಮೈ ಕೆಂಡ ಆಗಿತ್ತು, ಇಬ್ಬರು ಹಿಡಕೊಂಡ್ರು.
ಚಾಂದಬೀ ಕಣ್ಣು ಒಣಗಿತ್ತು. ನಂದೂ.
ಓಣಿ ಮಂದಿ ನಮ್ಮಿಬ್ಬರನ್ನ ನೋಡಿ ಏನೇನೋ ಅಂದ್ರು.

ಮೂರನೇ ದಿನಕ್ಕ ರಾಜೇಸಾಬ
ಅಂಗಡಿ ಕೀಲಿ ನನ್ನ ಕೈಗಿಟ್ಟು ಮಿರಜಿಗೆ ಹೋದ.
ಮಗ್ಗದ ಮೋಟರ್ ಒಂದು ಸುತ್ತಿದೆ. ಇನ್ನೊಂದು ಸುತ್ತಿದೆ.
ನಾಕು ತಿಂಗಳಾತು. ಗಿರಾಕಿಗಳು ನನ್ನ ಹೆಸರು ಕಲತ್ರು.
ಒಂದು ಮಧ್ಯಾಹ್ನ ಅವನ ಬಿದಿರಿನ ಚಕ್ಕಿ ಕೈಗೆ ಸಿಕ್ಕಿತು,
ಹೆಬ್ಬಟ್ಟು ಒತ್ತಿ ಒತ್ತಿ ತಗ್ಗು ಬಿದ್ದದ್ದು.
ಹದಿನೆಂಟು ನಂಬರಿನ ತಂತಿ ಎಣಿಸಾಕ್ಹತ್ತಿದ್ದೆ,
ಅರವತ್ತೊಂದು, ಅರವತ್ತೆರಡು,
ಮುಂದಿನದು ಬಾಯಿಗೆ ಬರಲಿಲ್ಲ.
ಕೆರಿ ಕಟ್ಟಿ ಒಡದಾಂಗ ಅತ್ತೆ.

ಚಾಂದಬೀ ಡಬ್ಬಿ ತಂದಿದ್ದಳು. ಏನೂ ಕೇಳಲಿಲ್ಲ.
ಬಾಗಲಾ ಅರ್ಧ ಮುಂದ ಮಾಡಿ
ಅವ ನಗಿಸ್ತಿದ್ದ ಮಾತು ಒಂದೊಂದ ಹೇಳಿದಳು,
ಆವಾಗ ತುಂಬಿಟ್ಟದ್ದನ್ನ ಈಗ ವಾಪಸ್ ಸುರದಾಂಗ.
ನಾ ತಗೊಂಡೆ.
ಮುಂದಿನ ವಾರ ಅವಳಿಗೆ ಬೇಕಾತು, ನಾ ಕೊಟ್ಟೆ.
ಹಾಂಗ ಹೋಗಿ ಬರತೈತಿ ನಮ್ಮಿಬ್ಬರ ನಡುವ
ಕಂಬದ ತಂತಿಗೆ ಏನೂ ಕೇಳದ.

ಹಾಂಗಂತ ಅದು ಕಾಯಂ ಅಲ್ಲ. ಎಂಥಾ ತಾಮ್ರಕ್ಕೂ
ಒಂಚೂರು ತಡೆ ಇದ್ದ ಇರತೈತಿ,
ಹೋಗಿ ಬಂದಾಗೊಮ್ಮೆ ಒಂದೀಟು ಬಿಸಿಯಾಗಿ ಸೋರತೈತಿ.
ಸೋರಲಿ.
ಡಬ್ಬಿ ಮುಚ್ಚಳ ಇನ್ನೂ ಬೆಚ್ಚಗ ಐತಿ.
ಮ್ಯಾಲೆ ಫ್ಯಾನು, ಯಾರೂ ದಬ್ಬದ, ಬಲಕ್ಕ ತಿರುಗತೈತಿ.
ಅರವತ್ಮೂರು.
ಅರವತ್ನಾಕು.